ಕರೆಂಟ್ ಬಂದ ಮಧ್ಯಾಹ್ನ

ಅತ್ತಿಗೆ, ಅವತ್ತು ಸ್ವಿಚ್ ಕೆಟ್ಟಿರಲಿಲ್ಲ. ನಾನು ಅದನ್ನು ಆರಿಸಿರಲೇ ಇಲ್ಲ.

ಇಷ್ಟು ಬರೆಯುವುದಕ್ಕೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹಿಡಿಯಿತು.

ಆಗ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕರೆಂಟಿನ ಎರಡು ಮಗ್ಗ. ಅಣ್ಣ, ನೀವು, ನಾನು—ಮೂವರೇ. ನನಗೆ ಹತ್ತೊಂಬತ್ತು. ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಅಂಗೈಯಗಲದ ಒಂದು ವಿಡಿಯೋ ಗೇಮ್ ತಂದಿದ್ದೆ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ಸಂದಿಯಿಲ್ಲದಂತೆ ಜೋಡಿಸಬೇಕು. ಡಬ್ಬಿಯ ಮೇಲೆ ಸಾವಿರ ಆಟ ಎಂದು ಅಚ್ಚಾಗಿತ್ತು, ಇದ್ದದ್ದು ಏಳೆಂಟು. "ಕೈ, ಕಣ್ಣು ಎರಡೂ ಚುರುಕಾಗ್ತವಮ್ಮ, ಮಗ್ಗದೋರಿಗೆ ಹೇಳಿ ಮಾಡ್ಸಿದ್ದು" ಎಂದಿದ್ದ ಅಂಗಡಿಯವನು. ನಂಬಿದೆ—ನಂಬಬೇಕೆಂದೇ ನಂಬಿದೆ. ವಾರದೊಳಗೆ ಕಣ್ಣು ಮುಚ್ಚಿದರೂ ಇಟ್ಟಿಗೆಗಳು ಬೀಳುತ್ತಿದ್ದವು. ಊಟಕ್ಕೆ ಕರೆದರೆ ಸಿಡುಕುತ್ತಿದ್ದೆ. ಸೋತರೆ ನಿಮ್ಮ ಮೇಲೆ ರೇಗುತ್ತಿದ್ದೆ, ನೀವು ನಗುತ್ತಿದ್ದಿರಿ.

ಆ ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತವು. ಅಣ್ಣ ಹೊರಗೆ ಹೋಗಿದ್ದ. ಮೋಟಾರಿನ ಬೆಲ್ಟಿಗೆ ಸುತ್ತಿಕೊಂಡಿದ್ದ ಎಳೆಗಳನ್ನು ಬಿಡಿಸಲು ನೀವು ಕೂತಿರಿ. ನಾನು ಸ್ವಿಚ್ಚಿನ ಪಕ್ಕದಲ್ಲೇ ಗೋಡೆಗೆ ಒರಗಿ ಆಡುತ್ತಿದ್ದೆ.

"ಸ್ವಿಚ್ ಆಫ್ ಮಾಡಿದ್ಯೇನೇ?" ಎಂದಿರಿ.

"ಹೂಂ, ಮಾಡಿದೀನಿ ಅತ್ತಿಗೆ."

ತಲೆ ಎತ್ತದೆ ಹೇಳಿದೆ. ಒಂದು ಸಾಲು ಇನ್ನೇನು ತುಂಬುವುದರಲ್ಲಿತ್ತು—ತುಂಬಿದ ಮೇಲೆ ಆರಿಸೋಣ ಎಂದು... ಹತ್ತು ಎಣಿಸುವಷ್ಟೂ ಹೊತ್ತಾಗಿರಲಿಲ್ಲ. ಕರೆಂಟ್ ಬಂತು, ಬೆಲ್ಟ್ ತಿರುಗಿತು.

ನಿಮ್ಮ ಕೂಗಿಗೆ ಎಚ್ಚೆತ್ತು ಸ್ವಿಚ್ ಆರಿಸಿದೆ. ಅಣ್ಣ ಓಡಿಬಂದಾಗ ನಿಮ್ಮ ಬಲಗೈಗೆ ಟವೆಲ್ ಸುತ್ತುತ್ತಿದ್ದೆ. "ಆಫ್ ಮಾಡಿದ್ದೆ ಕಣಣ್ಣ, ಸ್ವಿಚ್ ಕೆಟ್ಟೋಗಿದೆ" ಎಂದುಬಿಟ್ಟೆ. ಅವನ ಮುಖ ಬಿಳಿಚಿತು. ಸ್ವಿಚ್ ಸಡಿಲವಾಗಿದೆ, ಬದಲಾಯಿಸಿ ಎಂದು ನೀವು ಮೊದಲಿನಿಂದಲೂ ಹೇಳುತ್ತಲೇ ಇದ್ದಿರಿ. ಅವನು ಇವತ್ತು ನಾಳೆ ಎನ್ನುತ್ತಿದ್ದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು, "ನಾನೇ ಅವಳ ಕೈ ಕಳೆದ್ಬಿಟ್ಟೆ" ಎಂದು ತಲೆ ಚಚ್ಚಿಕೊಂಡ. ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ—ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ ಎಂಬ ಭಯ.

ಮೂರು ಬೆರಳು ಹೋದವು. ಅಂದಿನಿಂದ ನಿಮಗೆ ಜಡೆ ಹಾಕುವವನು ಅಣ್ಣನೇ. ತವರಿಗೆ ಬಂದಾಗಲೆಲ್ಲ ನೋಡುತ್ತೇನೆ—ಮೆಲ್ಲಗೆ ಸಿಕ್ಕು ಬಿಡಿಸುತ್ತಾನೆ, ನಿಮ್ಮ ಮುಖ ಮಾತ್ರ ನೋಡುವುದಿಲ್ಲ. ಮಾಡದ ತಪ್ಪಿಗೆ ಅವನು ತಲೆ ತಗ್ಗಿಸಿದ್ದಾನೆ, ನಾನು ಅವನೆದುರೇ ಕಾಫಿ ಕುಡಿದು ಎದ್ದು ಬರುತ್ತೇನೆ.

ಗೇಮನ್ನು ಹಿತ್ತಲ ಬಾವಿಗೆ ಹಾಕಿದೆ. ಹೆದರಿಕೆ ಹೋಗಲಿಲ್ಲ. ಇಂದಿಗೂ ಕರೆಂಟ್ ಹೋದರೆ ಮೊದಲು ಎದ್ದು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತೇನೆ. ಮೊನ್ನೆ ನನ್ನ ಮಗಳ ಫೋನಿನಲ್ಲಿ ಯಾವುದೋ ಆಟದ ಜಾಹೀರಾತು—ಆಡಿದರೆ ಬುದ್ಧಿ ಚುರುಕಾಗುತ್ತದಂತೆ. "ಯಾಕಮ್ಮ ಹಿಂಗೆ ಬೆವರ್ತಿದೀಯ?" ಎಂದಳು. ಅಂಗಡಿಯವನ ಸುಳ್ಳು ಅಂಗಡಿಯವನದು. "ಮಾಡಿದೀನಿ" ಎಂದವಳು ನಾನು.

ನಾಳೆ ಬೆಳಗಿನ ಬಸ್ಸಿಗೆ ನಂದಗುಡಿಯಿಂದ ಹೊರಡುತ್ತೇನೆ. ಈ ಕಾಗದವನ್ನು ನಿಮ್ಮ ಕೈಗಿಟ್ಟು ಹಿಂತಿರುಗಿಬಿಡೋಣ ಎಂದುಕೊಂಡಿದ್ದೆ, ಅದೂ ಹೇಡಿತನವೇ. ಇಬ್ಬರ ಮುಂದೆಯೂ ಕೂತು ನಾನೇ ಓದುತ್ತೇನೆ. ಅಣ್ಣ ಏನು ಮಾಡುತ್ತಾನೋ ಗೊತ್ತಿಲ್ಲ. ಅವನು ಏನೇ ಮಾಡಲಿ, ಅತ್ತಿಗೆ, ನೀವು ನಡುವೆ ಬಂದು ನನ್ನನ್ನು ಬಿಡಿಸಬೇಡಿ.