ತಗಡಿನ ಕೆಳಗೆ ಹತ್ತು ಓಟ

ಪ್ರೊಸೆಸರ್ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿದ್ದು ಒಂದೇ ಸಲ. ಆ ತಪ್ಪನ್ನು ಹಿಡಿದವಳೂ ನಾನೇ, ಬೇರೆ ಯಾರೂ ಅಲ್ಲ. ಹಾಗಾಗಿ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸುರಪುರದಲ್ಲಿ ಅಣ್ಣನದೂ ನನ್ನದೂ ಸೇರಿ ಒಂದು ಅಂಗಡಿ. ಮದುವೆ ಕಾರ್ಡು, ಕರಪತ್ರ, ಎಲ್ಲಕ್ಕಿಂತ ಹೆಚ್ಚಾಗಿ ಫ್ಲೆಕ್ಸ್ ಬ್ಯಾನರ್. ಹನ್ನೊಂದು ವರ್ಷದಿಂದ ಕಂಪ್ಯೂಟರಿನ ಕುರ್ಚಿ ನನ್ನದು, ಬಾಗಿಲ ಬಳಿಯ ಕೌಂಟರ್ ಅವನದು. ನಾನು ಡಿಸೈನ್ ಮಾಡುತ್ತೇನೆ, ಅವನು ಗಿರಾಕಿಗಳನ್ನು ಮಾತಾಡಿಸುತ್ತಾನೆ. ಫ್ಲೆಕ್ಸ್ ಛಾಪಿಸುವ ಮಿಷನ್ ನಮ್ಮಲ್ಲಿಲ್ಲ, ಫೈಲನ್ನು ಯಾದಗಿರಿಗೆ ಕಳಿಸಬೇಕು. ಮಧ್ಯಾಹ್ನ ಎರಡರೊಳಗೆ ಮುಟ್ಟಿದರೆ ಸಂಜೆ ಬಸ್ಸಿಗೆ ಬ್ಯಾನರ್ ಬರುತ್ತದೆ, ಇಲ್ಲವಾದರೆ ಮರುದಿನ. ಹುಟ್ಟುಹಬ್ಬ ಮುಗಿದ ಮೇಲೆ ಬಂದ ಶುಭಾಶಯವನ್ನು ಯಾವ ಗಿರಾಕಿಯೂ ಕೈಯಿಂದ ಮುಟ್ಟುವುದಿಲ್ಲ.

ನಮ್ಮ ಕಡೆಯ ಬ್ಯಾನರ್ ನೋಡಿದವರಿಗೆ ಗೊತ್ತು. ಮೇಲೆ ಒಬ್ಬ ದೊಡ್ಡವರು, ಕೆಳಗೆ ಶುಭ ಕೋರುವವರ ಮುಖಗಳ ಸಾಲು. ಒಂದು ಮುಖ ಬಿಟ್ಟುಹೋದರೂ ಅಂಗಡಿ ಮುಂದೆ ಪಂಚಾಯ್ತಿ. ಒಂದು ಬ್ಯಾನರಿಗೆ ಅರವತ್ತೆರಡು ಮುಖ ಬಂದವು, ಅರ್ಧಕ್ಕರ್ಧ ಕಪ್ಪು ಕನ್ನಡಕ ಹಾಕಿಕೊಂಡವು. ಆ ಫೈಲನ್ನು ಸೇವ್ ಮಾಡಲು ಒತ್ತಿ, ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದರೂ ನಮ್ಮ ಹಳೇ ಕಂಪ್ಯೂಟರ್ ಇನ್ನೂ ಯೋಚನೆಯಲ್ಲೇ ಇತ್ತು. ಹೊಸದು ಬೇಕು ಎಂಬಲ್ಲಿ ಅಣ್ಣನಿಗೂ ನನಗೂ ಭೇದವಿರಲಿಲ್ಲ. ಯಾವುದು ಎಂಬಲ್ಲಿ ಶುರುವಾಯಿತು.

ಅವನು ತಿಂಗಳಿನಿಂದ ಮೊಬೈಲಿನಲ್ಲಿ ವಿಡಿಯೊ ನೋಡಿ ಹದಿನಾಲ್ಕು ಕೋರಿನ ಪ್ರೊಸೆಸರ್ ಒಂದರ ಮೇಲೆ ಮನಸ್ಸಿಟ್ಟಿದ್ದ. ನನ್ನ ಕಣ್ಣು ಎಂಟು ಕೋರಿನದರ ಮೇಲಿತ್ತು. ಕೋರ್ ಎಂದರೆ ಒಳಗಿನ ಆಳುಗಳು ಅಂದುಕೊಳ್ಳಿ. ಆಳು ಹೆಚ್ಚಾದಷ್ಟೂ ಕೆಲಸ ಬೇಗ, ಆದರೆ ಒಂದೇ ಕೋಣೆಯಲ್ಲಿ ಅಷ್ಟು ಜನ ದುಡಿದರೆ ಕಾವೂ ಹೆಚ್ಚು. ಕಾವು ಮಿತಿ ಮೀರಿದರೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಇದು ನನಗೆ ಗೊತ್ತಿತ್ತು. ಅಣ್ಣನಿಗೆ ಗೊತ್ತಿಲ್ಲ ಎಂಬುದು ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಶಹಾಪುರದ ಬಸ್ ನಿಲ್ದಾಣದ ಹತ್ತಿರ ನಾವು ಯಾವಾಗಲೂ ಹೋಗುವ ಕಂಪ್ಯೂಟರ್ ಅಂಗಡಿ ಇದೆ. ಮಾಲೀಕರು ಎರಡೂ ಪ್ರೊಸೆಸರಿನ ಕಂಪ್ಯೂಟರ್ ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು ಬೆಂಚ್‌ಮಾರ್ಕ್ ಓಡಿಸಿದರು. ಒಂದೇ ಕೆಲಸವನ್ನು ಎರಡಕ್ಕೂ ಕೊಟ್ಟು, ಯಾರು ಎಷ್ಟು ಚುರುಕಾಗಿ ಮುಗಿಸಿದರು ಎಂದು ಅಂಕ ಕೊಡುವ ಪರೀಕ್ಷೆ ಅದು. ಹದಿನಾಲ್ಕು ಕೋರಿನದು ಬಹಳ ಮುಂದೆ ಹೋಯಿತು. ಅಣ್ಣ ನನ್ನ ಮುಖ ನೋಡಿದ.

“ಇಲ್ಲಿ ಎ.ಸಿ. ಅದರಿ. ನಮ್ಮ ಅಂಗಡಿ ತಗಡಿಂದು. ಅಲ್ಲಿ ಓಡಿಸಿ ತೋರಿಸ್ರಿ” ಎಂದೆ ನಾನು.

“ಕುಣಿಲಾರದಾಕಿ ನೆಲ ಡೊಂಕು ಅಂದಳಂತ” ಎಂದ ಅಣ್ಣ.

“ಕರಿ ಹರಿಯೋ ಎತ್ತೇ ಬ್ಯಾರೆ, ಗಳೇ ಹೊಡಿಯೋ ಎತ್ತೇ ಬ್ಯಾರೆ. ಅಪ್ಪ ಹೇಳ್ತಿದ್ದಿಲ್ಲೇನು?”

ಕಾರಹುಣ್ಣಿಮೆಯ ದಿನ ಊರ ಅಗಸಿ ಬಾಗಿಲಿಗೆ ಕಟ್ಟಿದ ಕರಿ ಎಂಬ ತೋರಣ ಹರಿದು ಮುಂದೆ ನುಗ್ಗುವ ಎತ್ತಿಗೆ ಊರೆಲ್ಲ ಗುಲಾಲು ಹಚ್ಚುತ್ತದೆ. ಆದರೆ ನಮ್ಮಪ್ಪ ಎತ್ತು ಕೊಳ್ಳುವಾಗ ಆ ಓಟ ನೋಡುತ್ತಿರಲಿಲ್ಲ, ಉರಿಬಿಸಿಲಲ್ಲಿ ಒಂದು ಹೊತ್ತು ನೊಗ ಹೂಡಿ ನೋಡುತ್ತಿದ್ದ. ಅಪ್ಪನ ಮಾತು ಬಂದ ಮೇಲೆ ಅಣ್ಣ ಒಪ್ಪಿದ. ಹಳೇ ಗಿರಾಕಿಗಳೆಂದು ಮಾಲೀಕರೂ ಒಪ್ಪಿ, “ಆದಿತ್ಯವಾರ ಎರಡೂ ಕಳಸ್ತೀನ್ರಿ ಅಕ್ಕಾರ, ಒಂದಿನ ಇಟಗೊಂಡು ನೋಡ್ರಿ” ಎಂದರು.

ವಾಪಸ್ ಬಸ್ಸಿನಲ್ಲಿ ಅಣ್ಣ ಮನಸ್ಸಿನ ಮಾತು ಹೊರಗೆ ಹಾಕಿದ. “ಹೊಸ ಮಿಷನ್ ಬಂದ ಮ್ಯಾಲ ಡಿಸೈನ್ ನಾನೂ ಮಾಡ್ಬೇಕಂತೀನಿ. ಕಲ್ತೀನಿ ಈಗ. ನೀ ಸ್ವಲ್ಪ ದಿನ ಕೌಂಟರ್‌ಗೆ ಕೂಡು.”

ನನಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ಗಂಟೆ ಆಯಿತೆಂದರೆ ಕೌಂಟರಿನ ಮೇಲೆ ತೂಕಡಿಸುವವನು ಇವನು. ಗಿರಾಕಿಗಳ ಎದುರೇ ಎಷ್ಟೋ ಸಲ “ನಮ್ಮ ಅಣ್ಣ ಈಗ ಬಂದ್ ಅದಾನ್ರಿ, ನಾಕಕ್ಕ ಚಾಲೂ ಆಗ್ತಾನ” ಎಂದು ನಗಿಸಿದ್ದೇನೆ. ನನ್ನ ಕುರ್ಚಿ ಇವನಿಗೆ ಬೇಕಂತೆ.

“ಯಾರ ಡಬ್ಬಿ ಗೆಲ್ತದೋ ಅವರದ ಕುರ್ಚಿ” ಎಂದೆ. ಗೆಲ್ಲುವವಳು ನಾನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆ ಭಾನುವಾರ ಬೇಸಿಗೆ ನಡುವಿನದು. ಸುರಪುರದ ಗುಡ್ಡದ ಬಂಡೆಗಳು ಬೆಳಿಗ್ಗೆಯೇ ಕಾದಿದ್ದವು. ಎಂಟು ಕೋರಿನ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಇಟ್ಟೆ. ಅಣ್ಣ ತನ್ನದನ್ನು ಕೌಂಟರಿನ ಮೇಲೆ ಇಟ್ಟುಕೊಂಡ. ಅವರವರ ಜಾಗ ಅವರವರಿಗೆ, ಇದರಲ್ಲಿ ಯೋಚಿಸುವುದೇನಿದೆ ಎಂದುಕೊಂಡೆವು. ಹನ್ನೆರಡಕ್ಕೆ ಶುರು ಮಾಡಿದೆವು. ಹತ್ತು ಓಟ, ನಡುವೆ ವಿರಾಮವಿಲ್ಲ, ಕೊನೆಗೆ ಯಾರು ಮುಂದೋ ಅವರದು ಗೆಲುವು. ಅಂಕಗಳನ್ನು ಒಂದು ಹಳೇ ಮದುವೆ ಕಾರ್ಡಿನ ಹಿಂದೆ ಬರೆಯುತ್ತ ಹೋದೆ.

ಮೊದಲ ಮೂರು ಓಟ ಅವನದು. ನಾಲ್ಕರಲ್ಲಿ ಅವನ ಅಂಕ ಜಾರಿತು, ಐದರಲ್ಲಿ ಇನ್ನೂ ಜಾರಿತು. ನನ್ನದು ಮೊದಲಿದ್ದಷ್ಟೇ ಇತ್ತು. ಏಳನೆಯ ಓಟದಲ್ಲಿ ನನ್ನದು ಮುಂದೆ ಹೋಯಿತು, ಹತ್ತರ ತನಕ ಹಿಂದೆ ತಿರುಗಲಿಲ್ಲ. ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದೆ.

“ನಿನ್ನ ಹಂಗಽ ಅದ ನೋಡು ನಿನ್ನ ಪ್ರೊಸೆಸರ್. ಮಧ್ಯಾಹ್ನ ಆತಂದ್ರ ನಿದ್ದಿ.”

“ಗೆದ್ದಿ ಬಿಡು” ಎಂದು ಅಣ್ಣ ನಕ್ಕು, ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಊಟಕ್ಕೆ ಹೋದ.

ಗಿರಾಕಿ ಬಂದಾರೆಂದು ನಾನು ಕೌಂಟರಿನಲ್ಲಿ ಕುಳಿತೆ. ಮಧ್ಯಾಹ್ನದ ಹೊತ್ತಿನಲ್ಲಿ ಅಲ್ಲಿ ಕುಳಿತು ಎಷ್ಟು ವರ್ಷವಾಗಿತ್ತೋ ನೆನಪಿಲ್ಲ, ನಾನು ಯಾವಾಗಲೂ ಊಟದ ಡಬ್ಬಿಯನ್ನು ಕುರ್ಚಿಯಲ್ಲೇ ಬಿಚ್ಚುವವಳು. ಐದು ನಿಮಿಷಕ್ಕೆ ಬೆನ್ನಿನ ಮೇಲೆ ಬೆವರಿಳಿಯಿತು. ಹತ್ತು ನಿಮಿಷಕ್ಕೆ ರವಿಕೆ ತೊಯ್ದು ಹೋಯಿತು. ರಸ್ತೆಯ ಝಳ ಎದುರಿನಿಂದ, ತಗಡಿನ ಝಳ ಮೇಲಿನಿಂದ. ಅಣ್ಣನ ಡಬ್ಬಿಯ ಮೇಲೆ ಕೈ ಇಟ್ಟೆ, ಸುಡುತ್ತಿತ್ತು. ಎದ್ದು ಹೋಗಿ ನನ್ನದರ ಮೇಲೆ ಇಟ್ಟೆ, ತಣ್ಣಗಿತ್ತು. ಅಲ್ಲಿ ನಿಂತಾಗ ಮುಖಕ್ಕೆ ಗಾಳಿ ಬಡಿಯಿತು.

ತಗಡಿಗೆ ಫ್ಯಾನು ತೂಗುಹಾಕಲು ಬರುವುದಿಲ್ಲವಾದ್ದರಿಂದ ನಮ್ಮಲ್ಲಿ ಗೋಡೆಯ ಮೇಲೆ ಒಂದೇ ಫ್ಯಾನು. ಅದರ ಕತ್ತು ನನ್ನ ಕುರ್ಚಿಯ ಕಡೆಗೆ ತಿರುಗಿತ್ತು. ಆಚೀಚೆ ಅಲ್ಲಾಡದಂತೆ ಅದನ್ನು ಫ್ಲೆಕ್ಸಿನ ಪಟ್ಟಿಯಿಂದ ಬಿಗಿದು ಕಟ್ಟಿತ್ತು. ಪಟ್ಟಿಯ ಬಣ್ಣ ಬೆಳ್ಳಗಾಗಿ, ಮೇಲೆ ಧೂಳು ಕೂತಿತ್ತು.

ಕಟ್ಟಿದವನು ಅಣ್ಣ. ಅಂಗಡಿಯ ಮೊದಲ ಬೇಸಿಗೆಯಲ್ಲಿ ನಾನು ಏಳು ತಿಂಗಳ ಬಸುರಿ. ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಮೇಜಿನ ಮೇಲೆ ತಲೆಯಿಟ್ಟಿದ್ದೆ. ಸ್ಟೂಲ್ ಹತ್ತಿ ಅವನು ಅದನ್ನು ಕಟ್ಟಿದ್ದ. ಆ ಮಗಳು ಈಗ ಐದನೇ ಕ್ಲಾಸಿನಲ್ಲಿದ್ದಾಳೆ. ಪಟ್ಟಿಯನ್ನು ಅವನು ಬಿಚ್ಚಲಿಲ್ಲ, ನಾನು ನೋಡಲೂ ಇಲ್ಲ. ನೆಲ ನಿಜಕ್ಕೂ ಡೊಂಕಾಗಿತ್ತು, ನನ್ನ ಅನುಕೂಲಕ್ಕೆ ಡೊಂಕಾಗಿತ್ತು. ಊರ ಗಿರಾಕಿಗಳ ಮುಂದೆಲ್ಲ ಅವನ ತೂಕಡಿಕೆಯನ್ನು ಆಡಿಕೊಂಡಿದ್ದು ನೆನಪಾಗಿ ನನಗೆ ಬಹಳ ನಾಚಿಕೆಯಾಯಿತು.

ನಾನು ಸುಮ್ಮನೆ ಕೂತು ಅಳುವವಳಲ್ಲ. ಎರಡೂ ಡಬ್ಬಿಗಳ ಜಾಗ ಬದಲಾಯಿಸಿದೆ. ಅಣ್ಣ ಊಟ ಮುಗಿಸಿ ಬಂದಾಗ ಎಲ್ಲ ಸಿದ್ಧವಿತ್ತು.

“ಮತ್ತ ಯಾಕ? ಗೆದ್ದೀಯಲ್ಲ.”

“ಸುಮ್ನ ಕೂಡು. ಇನ್ನೊಮ್ಮಿ ಓಡಿಸೋದದ.”

ಬಿಸಿಲು ಇನ್ನೂ ಇಳಿದಿರಲಿಲ್ಲ. ಮತ್ತೆ ಹತ್ತು ಓಟ. ಗಾಳಿಗೆ ಕುಳಿತ ಹದಿನಾಲ್ಕು ಕೋರಿನದು ಹತ್ತರ ತನಕ ಒಂದೇ ಸಮ ಓಡಿತು. ಕೌಂಟರಿನ ಝಳದಲ್ಲಿ ನನ್ನ ಎಂಟು ಕೋರಿನ ವೀರನೂ ಆರನೇ ಓಟಕ್ಕೆ ಸುಸ್ತಾದ. ಕಾರ್ಡಿನ ಹಿಂದಿನ ಅಂಕಗಳನ್ನು ಕೌಂಟರಿಗೆ ಕೌಂಟರ್, ಕುರ್ಚಿಗೆ ಕುರ್ಚಿ ಹೋಲಿಸಿ ನೋಡಿದೆ. ಎರಡೂ ಕಡೆ ಅವನದೇ ಮುಂದಿತ್ತು.

“ನಿಂದ ಗೆದ್ದದ” ಎಂದು ಕುರ್ಚಿ ಬಿಟ್ಟು ಎದ್ದೆ. ಆಡಿದ ಮಾತಿಗೆ ತಪ್ಪುವ ಮನೆತನವಲ್ಲ ನಮ್ಮದು. ಸ್ಟೂಲ್ ಹತ್ತಿ, ಕತ್ತರಿಯಿಂದ ಪಟ್ಟಿಯನ್ನೂ ಕತ್ತರಿಸಿದೆ. ಫ್ಯಾನು ಹನ್ನೊಂದು ವರ್ಷದ ನಂತರ ಕಿರ್ರೆಂದು ಕತ್ತು ಹೊರಳಿಸಿತು. ಅಣ್ಣ ಫ್ಯಾನನ್ನೂ ನನ್ನನ್ನೂ ನೋಡಿ, ಕುರ್ಚಿಗೆ ಬಂದು ಕುಳಿತ.

ಹದಿನಾಲ್ಕು ಕೋರಿನದನ್ನೇ ಇಟ್ಟುಕೊಂಡೆವು. ಅಣ್ಣ ಕುರ್ಚಿಯಲ್ಲಿ ಕುಳಿತು ಒಂದೊಂದೇ ಮುಖ ಕತ್ತರಿಸಿ ಜೋಡಿಸುವುದನ್ನು ಕೌಂಟರಿನಿಂದ ನೋಡುತ್ತಿದ್ದೆ. ಕೆಲಸ ಅಚ್ಚುಕಟ್ಟಾಗಿತ್ತು, ನನ್ನಷ್ಟು ಅಲ್ಲ. ಮಧ್ಯಾಹ್ನ ಅವನು ಒಂದು ಸಲವೂ ತೂಕಡಿಸಲಿಲ್ಲ.

ತೂಕಡಿಸಿದ್ದು ನಾನು. ಮೂರನೆಯ ದಿನ ರಸೀದಿ ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿದ್ದೆ. ಎಚ್ಚರವಾದಾಗ ಕೂದಲು ಗಾಳಿಗೆ ಹಾರುತ್ತಿತ್ತು. ಫ್ಯಾನು ಹೊರಳುತ್ತಿರಲಿಲ್ಲ, ಕೌಂಟರಿನ ಕಡೆ ಮುಖ ಮಾಡಿ ನಿಂತಿತ್ತು. ಅಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ಆಡಿಕೊಳ್ಳಲು ಅವನಿಗೆ ಒಳ್ಳೇ ಅವಕಾಶ, ಎದುರಿಗೆ ಒಬ್ಬ ಗಿರಾಕಿಯೂ ಇದ್ದ. ಅವನು ಗಿರಾಕಿಯ ಬ್ಯಾನರಿಗೆ ಮುಖ ಜೋಡಿಸುತ್ತಲೇ ಇದ್ದ.

“ಫ್ಯಾನ್ ಆ ಕಡಿ ತಿರುವು, ಮಿಷನ್ ಸುಡ್ತದ” ಎಂದು ನಾನೇ ಗದರಿದೆ.

“ಮಿಷನ್ ತಡಿತದ, ಬಿಡು” ಎಂದ.

ಮರುದಿನ ನಾನು ಇನ್ನೊಂದು ಫ್ಯಾನು ತಂದು ಹಾಕಿಸಿದೆ. ಇಷ್ಟು ಸಣ್ಣ ಕೆಲಸವನ್ನು ಹನ್ನೊಂದು ವರ್ಷ ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರವಿದೆ. ನನಗೆ ಸೆಕೆಯಾಗಿರಲಿಲ್ಲ.