ಎಳ್ಳು–ಬೆಲ್ಲದ ಗೂಡಿಗೆ ನಾನು ಹಾಕಿದ ಟವೆಲ್

ಆ ಟವೆಲನ್ನು ಮೊಲಗಳ ಹಾಸಿಗೆಯಡಿ ತುರುಕಿದವಳು ನಾನು. ನನ್ನ ಮಗಳು ಅನ್ವಿತಾ ಅಲ್ಲ. ಅವಳಿಂದ ಏನೂ ತಪ್ಪಾಗಿರಲಿಲ್ಲ — ಇದನ್ನು ಅಂದೇ, ಆ ಕೋಣೆಯಲ್ಲೇ ನಾನು ಹೇಳಬಹುದಿತ್ತು. ಹೇಳಲಿಲ್ಲ. ಆಗ ಅವಳು ನಾಲ್ಕನೇ ಇಯತ್ತೆಯಲ್ಲಿದ್ದಳು. ಈಗ ಕಾಲೇಜಿಗೆ ಹೋಗುತ್ತಾಳೆ.

ನಾವು ಬೆಳಗಾವಿ ಕಡೆಯವರು, ನೌಕರಿಗಾಗಿ ಮಹಾನಗರ ಸೇರಿದವರು. ಜೋಗೇಶ್ವರಿಯ ಒಂದು ಹಳೆಯ ಬಿಲ್ಡಿಂಗಿನಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ ಒಂದೇ ಫ್ಲ್ಯಾಟಿನಲ್ಲಿದ್ದೆವು. ಶೈಲಾ ನನ್ನ ಮೈದುನನ ಹೆಂಡತಿ. ನಾನು ವಿಕ್ರೋಳಿಯ ಆಫೀಸಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು. ಅವಳು ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅನ್ವಿಗೆ ಜಡೆ ಹಾಕುವುದು, ಡಬ್ಬಿ ಕಟ್ಟುವುದು, ಶಾಲೆಯಿಂದ ಕರೆತರುವುದು — ಎಲ್ಲ ಅವಳೇ, ಅನ್ವಿಯ ಕಾಕು, ಅಂದರೆ ಚಿಕ್ಕಮ್ಮ. ‘ಶೈಲಾ ಇದ್ದಾಳಂತ ನನ್ನ ನೌಕರಿ ನಡದೈತಿ’ ಎಂದು ನಾಲ್ಕು ಜನರ ಮುಂದೆ ನಾನೇ ಹೇಳುತ್ತಿದ್ದೆ. ಒಳಗಿನ ಮಾತು ಬೇರೆ. ಒಮ್ಮೆ ಜ್ವರದಲ್ಲಿ ಅನ್ವಿ ಕಣ್ಣು ಮುಚ್ಚಿಕೊಂಡೇ “ಕಾಕೂ” ಎಂದು ಕೈ ಚಾಚಿದಳು. ಪಕ್ಕದಲ್ಲಿದ್ದ ನಾನು ಆ ಕೈ ಹಿಡಿದೆ. ಹಿಡಿದವಳು ಕಾಕು ಅಲ್ಲವೆಂದು ಅವಳಿಗೆ ತಿಳಿಯಿತು. ಕೈಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡಳು. ಅಂದಿನಿಂದ ನನ್ನ ಹೊಟ್ಟೆಯಲ್ಲೊಂದು ಕಿಚ್ಚು —

ಶೈಲಾಳ ಕೋಣೆಯಲ್ಲಿ ಎರಡು ಮೊಲಗಳಿದ್ದವು. ಯಾರೋ ಊರು ಬಿಟ್ಟು ಹೋಗುವಾಗ ಕೊಟ್ಟದ್ದು. ಕಂದು ಬಣ್ಣದ ಹೆಣ್ಣಿಗೆ ಬೆಲ್ಲ, ಕಪ್ಪು ಚುಕ್ಕೆಯ ಗಂಡಿಗೆ ಎಳ್ಳು ಎಂದು ಅನ್ವಿಯೇ ಹೆಸರಿಟ್ಟಿದ್ದಳು. ಅವು ಸದಾ ಮೈಗೆ ಮೈ ತಾಗಿಸಿಕೊಂಡೇ ಇರುತ್ತಿದ್ದವು. ಒಂದು ತಲೆ ಬಗ್ಗಿಸಿದರೆ ಇನ್ನೊಂದು ಅದರ ಹಣೆ ನೆಕ್ಕುತ್ತಿತ್ತು. ನನ್ನ ಮಗಳು ಕಾಕುವಿನ ತೊಡೆಗೆ ಒರಗಿ ಅವನ್ನೇ ನೋಡುತ್ತ ಕೂರುತ್ತಿದ್ದಳು. ನಾನು ಬಂದು ಚಪ್ಪಲಿ ಬಿಟ್ಟ ಸದ್ದಿಗೂ ಏಳುತ್ತಿರಲಿಲ್ಲ.

ನನಗೂ ಒಂದು ಉಪಾಯ ಹೊಳೆಯಿತು. ಅಂಧೇರಿಯ ಅಂಗಡಿಯೊಂದರಿಂದ ಬಿಳಿ ಮೊಲವೊಂದನ್ನು ತಂದು ನಮ್ಮ ಕೋಣೆಯಲ್ಲಿಟ್ಟೆ. ಹತ್ತಿಯಂತಿದೆ ಎಂದು ಅನ್ವಿ ಅದಕ್ಕೆ ಮರಾಠಿಯಲ್ಲಿ ಕಾಪೂಸ್ ಎಂದು ಹೆಸರಿಟ್ಟಳು, ನನ್ನ ಕೊರಳು ತಬ್ಬಿದಳು, ಮರುಗಳಿಗೆಯಲ್ಲಿ “ಕಾಕೂಗೆ ತೋರಿಸ್ತೀನಿ!” ಎಂದು ಅದನ್ನು ಎತ್ತಿಕೊಂಡು ಓಡಿದಳು.

ಶೈಲಾ ಬಾಗಿಲಲ್ಲೇ ತಡೆದಳು.

“ಹಂಗ ಒಮ್ಮೆಲೇ ಒಳಗ ತರಬ್ಯಾಡ ಪುಟ್ಟಾ. ಅಕ್ಕಾ, ನೀವೂ ಸ್ವಲ್ಪ ಲಕ್ಷ್ಯ ಇಡ್ರಿ. ಇವೆರಡಕ್ಕೂ ಒಂದರ ಮ್ಯಾಲೊಂದು ಜೀವ. ಆದ್ರ ಹೊರಗಿನ ಮೊಲದ ವಾಸನಿ ಬಡೀತಂದ್ರ ಸಾಕು, ಸಿಟ್ಟು ಯಾರ ಮ್ಯಾಲ ತೀರಿಸ್ಕೋಬೇಕಂತ ತಿಳೀದ ತಮ್ಮತಮ್ಮೊಳಗ ಕಡದಾಡ್ತಾವ. ಒಮ್ಮೆ ಕಡದಾಡಿದ್ರ ಮತ್ತ ಕೂಡೋದು ಭಾಳ ಕಷ್ಟ.”

ಅವಳು ಒಳ್ಳೆಯದಕ್ಕೇ ಹೇಳಿದ್ದು. ನನ್ನ ಕಿವಿಗೆ ಬಿದ್ದದ್ದು ಮಾತ್ರ — ನೀನು ಹೊರಗಿನವಳು ಎಂದು.

ಆಮೇಲೆ ಅವರಿಬ್ಬರೂ ಸೇರಿ ಮೊಲಗಳನ್ನು ಪಳಗಿಸತೊಡಗಿದರು. ನಡುಮನೆಯಲ್ಲಿ ಎರಡು ಜಾಲರಿ, ನಡುವೆ ಮೊಳದಷ್ಟು ಜಾಗ. ಆ ಕಡೆ ಜೋಡಿ, ಈ ಕಡೆ ಕಾಪೂಸ್. ಎರಡೂ ಕಡೆಗೆ ಒಟ್ಟಿಗೇ ಕೊತ್ತಂಬರಿ ಹಾಕುವುದು, ಇನ್ನೊಂದರ ವಾಸನೆ ಬಂದಾಗಲೆಲ್ಲ ಬಾಯಿಗೆ ರುಚಿಯೂ ಬರಲಿ ಎಂದು. ಎಳ್ಳು ಹಿಂಗಾಲಿನಿಂದ ನೆಲ ಬಡಿದರೆ ನಡುವೆ ಚಾದರ ಇಳಿಬಿಟ್ಟು ಆಟ ನಿಲ್ಲಿಸುವುದು. ಕಾಪೂಸ್‌ನನ್ನು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಆ ಜೋಡಿಯನ್ನು ಮುಟ್ಟುವಂತಿರಲಿಲ್ಲ. ಅನ್ವಿ ಒಂದು ದಿನವೂ ತಪ್ಪಿಸಲಿಲ್ಲ. ಬರಬರುತ್ತ ಜೋಡಿ ಜಾಲರಿಯ ಹತ್ತಿರವೇ ಕಾಲು ಚಾಚಿ ಮಲಗತೊಡಗಿತು. “ದೇಖೋ ಕಾಕೂ, ಹೆದರಲೇ ಇಲ್ಲ!” ಎಂದು ಮಗಳು ಪಿಸುಗುಟ್ಟುತ್ತಿದ್ದಳು. ಅವಳನ್ನು ನನ್ನ ಕಡೆ ಸೆಳೆಯಲೆಂದು ತಂದ ಪ್ರಾಣಿ ಅವರಿಬ್ಬರೂ ಜೊತೆಗೆ ಕೂರಲು ಇನ್ನೊಂದು ನೆಪವಾಯಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನಾನು ಅವರ ನಗುವನ್ನು ಕೇಳುತ್ತಿದ್ದೆ. ರೊಟ್ಟಿ ಹರಿಯುತ್ತಿತ್ತು.

ಅದೊಂದು ರಜೆಯ ದಿನ. ಸೀರೆಗಳನ್ನು ಕೊಟ್ಟು ಬರಲು ಶೈಲಾ ಹೊರಟಾಗ ಅನ್ವಿಯೂ ಬೆನ್ನು ಹತ್ತಿದಳು. “ಮಮ್ಮಿ ಜೊತೆ ಇರು” ಎಂದೆ. “ನಂತರ” ಎಂದು ಹೋದಳು. ಮನೆಯಲ್ಲಿ ನಾನೊಬ್ಬಳೇ. ಕಾಪೂಸ್ ಮಲಗುತ್ತಿದ್ದ ಟವೆಲನ್ನು ಎತ್ತಿಕೊಂಡೆ — ಉಚ್ಚೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಶೈಲಾಳ ಕೋಣೆಗೆ ಹೋದೆ, ಎಳ್ಳು–ಬೆಲ್ಲದ ಹಾಸಿಗೆಯಡಿ ಅದನ್ನು ತುರುಕಿದೆ, ಬಾಗಿಲು ಹಾಕಿಕೊಂಡು ಬಂದೆ.

ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ. ಶೈಲಾ ಹೇಳಿದ್ದೆಲ್ಲ ಗೊತ್ತಿತ್ತು. ಅವು ಸ್ವಲ್ಪ ಗಲಾಟೆ ಮಾಡಲಿ, ಇವಳ ಜಾಣತನ ಅಷ್ಟಕ್ಕಷ್ಟೇ ಎಂದು ಮಗಳಿಗೆ ಕಾಣಲಿ — ಇಷ್ಟೇ ಅಂದುಕೊಂಡಿದ್ದೆ. ಇಷ್ಟೇ!

ಮೊದಲು ನೆಲ ಬಡಿಯುವ ಸದ್ದು. ಆಮೇಲೆ ಪರಚಾಟ. ಆಮೇಲೆ ಒಂದು ಕೂಗು. ಮೊಲ ಕೂಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಓಡಿಹೋಗಿ ನೋಡಿದರೆ ಎರಡೂ ಒಂದನ್ನೊಂದು ಕಚ್ಚಿ ಹಿಡಿದು ಉರುಳಾಡುತ್ತಿದ್ದವು, ಕೋಣೆ ತುಂಬ ತುಪ್ಪಳ. ಕಸಬರಿಗೆ ಅಡ್ಡ ಹಿಡಿದು ಬಿಡಿಸಿದೆ. ಬೆಲ್ಲದ ಕಿವಿ ಸೀಳಿತ್ತು, ಎಳ್ಳಿನ ಒಂದು ಕಣ್ಣು ರಕ್ತವಾಗಿತ್ತು. ಆ ಹೊತ್ತಿನಲ್ಲೂ ನಾನು ಮರೆಯದೆ ಮಾಡಿದ ಕೆಲಸವೊಂದಿತ್ತು — ಟವೆಲನ್ನು ಎಳೆದು ತೆಗೆದು ಸೋಪಿನ ನೀರಿನಲ್ಲಿ ನೆನೆಹಾಕಿದ್ದು.

ಶೈಲಾ ಬಂದವಳೇ ಮೊಲಗಳ ಮುಂದೆ ಕೂತಳು. ಬಯ್ಯಲಿಲ್ಲ. ಬೆಲ್ಲವನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ ಕೇಳಿದಳು: “ಪುಟ್ಟಾ, ಮುಂಜಾನೆ ಕಾಪೂಸ್‌ನ ಮುಟ್ಟಿದ ಮ್ಯಾಲ ಕೈ ತೊಳದಿದ್ದಿ, ಹೌದಿಲ್ಲೋ?”

“ತೊಳದಿದ್ದೆ ಕಾಕೂ… ಸಚ್ಚೀ…” ಅನ್ವಿ ತನ್ನ ಕೈಗಳನ್ನು ನೋಡಿಕೊಂಡಳು. “ಶಾಯದ್ ತೊಳದಿದ್ದೆ.”

ಆ ‘ಶಾಯದ್’, ಆ ‘ಇರಬಹುದು’, ನನ್ನ ಎದುರಿಗೇ ಹುಟ್ಟಿತು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ —

“ಇರ್ಲಿ ಬಿಡು ಶೈಲಾ. ಸಣ್ಣಾಕಿ, ಮರತಿರಬೇಕು.”

ಮಾಡದ ತಪ್ಪಿಗೆ ಮಗಳಿಗೆ ಕ್ಷಮೆ ಕೊಡಿಸಿದೆ.

ಡಾಕ್ಟರು ಕಿವಿಗೆ ಹೊಲಿಗೆ ಹಾಕಿದರು. ಎಳ್ಳಿನ ಕಣ್ಣು ಉಳಿಯಲಿಲ್ಲ. ಎರಡನ್ನೂ ಮತ್ತೆ ಕೂಡಿಸಲು ಶೈಲಾ ತಿಂಗಳುಗಟ್ಟಲೆ ಪ್ರಯತ್ನಿಸಿದಳು. ಅವು ಒಂದನ್ನೊಂದು ಕಂಡರೆ ಮೈ ಸೆಟೆದುಕೊಳ್ಳುತ್ತಿದ್ದವು. ಬೇರೆ ಬೇರೆ ಗೂಡಿನಲ್ಲೇ ಬದುಕಿ, ಬೇರೆ ಬೇರೆಯಾಗಿಯೇ ಸತ್ತವು. ಕಾಪೂಸ್‌ನನ್ನು ಆಫೀಸಿನ ಗೆಳತಿಗೆ ಕೊಟ್ಟುಬಿಟ್ಟೆ. ಅನ್ವಿ ಶೈಲಾಳ ಕೋಣೆಗೆ ಹೋಗುವುದನ್ನು ನಿಲ್ಲಿಸಿದಳು. ನಾನು ಬೇಡಿದ್ದು ಅದೇ. ಆದರೆ ಅವಳು ನನ್ನ ಬಳಿಗೂ ಬರಲಿಲ್ಲ. ಚರ್ಮ ಸುಲಿಯುವಂತೆ ಕೈ ತೊಳೆಯುತ್ತಿದ್ದಳು. ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ — ಹಚ್ಚುತ್ತಲೂ ಹೇಳಲಿಲ್ಲ. ಶೈಲಾಳ ಸಂಸಾರ ಬೋರಿವಲಿಗೆ ಹೋಯಿತು.

ಹೋದ ತಿಂಗಳು ಶೈಲಾ ಫೋನ್ ಮಾಡಿದಳು. ಮತ್ತೊಂದು ಜೋಡಿ ಮೊಲ ಸಾಕಿದ್ದಾಳಂತೆ. ಊರಿಗೆ ಹೋಗಬೇಕು, ಅನ್ವಿ ಬಂದು ನೋಡಿಕೊಳ್ಳುತ್ತಾಳೆಯೇ ಎಂದು. ಅನ್ವಿ ಫೋನ್ ತೆಗೆದುಕೊಂಡು, ನಕ್ಕಂತೆ ಮಾಡಿ ಹೇಳಿದಳು: “ನನ್ನ ಕೈ ಬರೋಬರ್ ಇಲ್ಲ ಕಾಕೂ. ಬೇರೆಯವರಿಗೆ ಹೇಳಿ.”

ಆಗ ಹೇಳಿದೆ. ಅಡುಗೆಮನೆಯಲ್ಲಿ, ಅವಳು ಫೋನಿಟ್ಟ ಕೂಡಲೇ, ಎಲ್ಲವನ್ನೂ. ಅವಳು ಅಳಲಿಲ್ಲ.

“ಕಾಕೂಗೆ ಗೊತ್ತಾ?”

“ಇಲ್ಲ.”

“ಪೆಹಲೇ ಅವರಿಗೆ ಹೇಳು. ಆಮೇಲೆ ನನ್ನ ಹತ್ರ ಮಾತಾಡು.”

ಮರುದಿನವೇ ಬೋರಿವಲಿಗೆ ಹೋದೆ. ಶೈಲಾ ಪೂರ್ತಿ ಕೇಳಿದಳು. ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು.

“ಮೊಲ ಹೋದ್ವು ಅಕ್ಕಾ. ಅದಕ್ಕೂ ಅತ್ತೇನಿ. ಆದ್ರ ನನ್ನ ಕೂಸಿನ ಮ್ಯಾಲ ಯಾಕ ಹಾಕಿದ್ರಿ?”

ನನ್ನ ಕೂಸು, ಎಂದಳು. ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದ ಆ ಗಳಿಗೆಯಲ್ಲೂ ಆ ಮಾತಿಗೆ ನನ್ನೊಳಗೆ ಚುರುಕ್ಕೆಂದಿತು. ಇದನ್ನೂ ಬಚ್ಚಿಡಲಾರೆ. ಹೊರಡಲೆಂದು ಎದ್ದೆ; ಅವಳೂ ಎದ್ದಳು. ಬಾಗಿಲವರೆಗೆ ಬಂದಳು, ‘ಮತ್ತ ಬರ್ರಿ’ ಎನ್ನಲಿಲ್ಲ.

ಈಗ ಅನ್ವಿ ಬೋರಿವಲಿಯಲ್ಲಿದ್ದಾಳೆ; ಮೊಲಗಳನ್ನು ನೋಡಿಕೊಳ್ಳಲು ತಾನಾಗಿಯೇ ಹೋದಳು. ಶೈಲಾ ಊರಿನಿಂದ ಹಿಂದಿರುಗಿ ಆಯಿತು. ಮಗಳು ಇನ್ನೂ ಬಂದಿಲ್ಲ. ನಿನ್ನೆ ಫೋನಿನಲ್ಲಿ ಎರಡು ಮಾತಾಡಿದಳು, ಹಿಂದೆ ಶೈಲಾಳ ನಗು ಕೇಳಿಸಿತು. ಯಾವಾಗ ಬರುತ್ತೀ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. “ಊಟ ಆತೇನು?” ಎಂದಷ್ಟೇ ಕೇಳಿ, ಅವಳು ಫೋನ್ ಇಡುವವರೆಗೂ ಕಾದೆ.