ಟೇಪಕ್ಕ ಅಂಗಡಿಗೆ ಒಯ್ದ ಧೂಳು

ಡಾಕ್ಟರು ಹೇಳಿದ್ದು ಎರಡು ಮಾತು. ಮನೆ ಮುಟ್ಟುವಷ್ಟರಲ್ಲಿ ಅದು ಒಂದಾಗಿತ್ತು.

“ಬಟ್ಟೆ ಧೂಳು ನಿಮ್ಮ ಎದೆಗೆ ಆಗ್ತಿಲ್ಲ. ಹೊಲಿಗೆ ನಿಲ್ಲಿಸಿ, ಇಲ್ಲಾಂದ್ರೆ ಧೂಳು ನಿಲ್ಲಿಸಿ,” ಎಂದಿದ್ದರು ಅವರು. ಬಸ್ಸು ಹತ್ತಿ ಕೂತ ಗಂಡ ಮಗಳಿಗೆ ಫೋನು ಹಚ್ಚಿ, “ಹೊಲಿಗೆ ನಿಲ್ಲಿಸ್ಬೇಕಂತೆ” ಎಂದ. ಉಳಿದರ್ಧ ಅವನಿಗೆ ಕೇಳಿಸಿರಲಿಲ್ಲ ಎಂದಲ್ಲ, ಬೇಕೆಂದೇ ನುಂಗಿಕೊಂಡ. ಪಕ್ಕದಲ್ಲಿ ಕೂತ ಹೆಂಡತಿಗೆ ಕೆಮ್ಮು ಹತ್ತಿತ್ತು, ತಿದ್ದಲು ಆಗಲಿಲ್ಲ.

ಅವಳನ್ನು ಓಣಿಯವರೆಲ್ಲ ಟೇಪಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷದಿಂದ ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡೇ ಓಡಾಡಿದವಳು. ಅವಳದ್ದೊಂದು ನಿಯಮವಿತ್ತು: ಯಾರ ಬಾಯಿಯ ಅಳತೆಯನ್ನೂ ಬರೆದುಕೊಳ್ಳುವುದಿಲ್ಲ. “ನನ್ನ ಸೊಂಟ ಮೂವತ್ತೆರಡು” ಎನ್ನುತ್ತ ಬಂದವರಿಗೆ “ಆಗ್ಲಿ, ಕೈ ಎತ್ತಿ” ಎಂದು ಟೇಪು ಸುತ್ತಿದರೆ ಮೂವತ್ತಾರೂವರೆ ಬರುತ್ತಿತ್ತು. ಜನ ಸುಳ್ಳು ಹೇಳುತ್ತಾರೆ ಎಂದು ಅವಳು ಎಂದೂ ಅಂದವಳಲ್ಲ. ಜನ ಹಳೆಯ ಅಳತೆಯನ್ನು ನೆನಪಿಟ್ಟುಕೊಂಡಿರುತ್ತಾರೆ, ಅಷ್ಟೆ ಎನ್ನುತ್ತಿದ್ದಳು.

ಗಂಡ ಲಿಫ್ಟು ರಿಪೇರಿ ಮಾಡುವವನು. ಅವನ ಕೆಲಸಕ್ಕೂ ಒಂದು ನಿಯಮವಿತ್ತು: ಅನುಮಾನ ಬಂದರೆ ಮೊದಲು ನಿಲ್ಲಿಸು, ಆಮೇಲೆ ಯೋಚಿಸು. ಅದನ್ನೇ ಅವನು ಹೆಂಡತಿಗೂ ಹಚ್ಚಿದ.

“ಯೂನಿಫಾರ್ಮ್ ಕಾರ್ಖಾನೆ ಮ್ಯಾನೇಜರ್ ಹತ್ರ ಮಾತಾಡಿದ್ದೀನಿ,” ಎಂದ ಆ ಸಂಜೆ. “ಅವರ ಲಿಫ್ಟು ನೋಡ್ಕೊಳ್ಳೋದು ನಾನೇ ಅಲ್ವಾ. ನಿನ್ನ ಮೋಟಾರ್ ಮಷೀನು ಅವರಿಗೆ ಬೇಕಂತೆ. ಒಳ್ಳೆ ಕೈಗೆ ಹೋಗತ್ತೆ.”

“ಮಷೀನು ನಂದು.”

“ಎದೆಯೂ ನಿಂದೇ.”

“ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದಾ? ಡಾಕ್ಟರು ಹೇಳಿದ್ದರಲ್ಲಿ ಅರ್ಧ ನೀವು ಕತ್ತರಿಸಿಬಿಟ್ಟಿದ್ದೀರ. ಕತ್ತರಿ ಹಿಡಿಯೋಳು ನಾನು, ನೀವಲ್ಲ.”

ಮಗಳು ನರ್ಸ್. ಡ್ಯೂಟಿ ಮುಗಿಸಿ ನೇರ ಬಂದವಳು ಬ್ಯಾಗನ್ನೂ ಇಳಿಸದೆ ಅಪ್ಪನ ಪಕ್ಕ ನಿಂತಳು. “ಅಮ್ಮಾ, ದಿನಾ ನೋಡ್ತೀನಿ ನಾನು, ಉಸಿರಿಗೆ ಒದ್ದಾಡೋರನ್ನ. ಮೂವತ್ತೊಂದು ವರ್ಷ ಹೊಲಿದಿದ್ದು ಸಾಕು.”

ಇಬ್ಬರೂ ಪ್ರೀತಿಯಿಂದಲೇ ಅಡ್ಡ ನಿಂತಿದ್ದರು. ಜಗಳ ಕಷ್ಟವಾದದ್ದು ಅದರಿಂದಲೇ. ಹಗೆಯವರಾಗಿದ್ದರೆ ಟೇಪಕ್ಕ ಎರಡು ಮಾತಿಗೆ ಬಾಗಿಲು ತೋರಿಸುತ್ತಿದ್ದಳು.

ಕಡೆಗೆ ಅವಳೇ ಲೆಕ್ಕ ಮುಂದಿಟ್ಟಳು. ಉಸಿರಿನ ಬಲ ಅಳೆಯಲು ಆಸ್ಪತ್ರೆಯಲ್ಲಿ ಅವಳಿಂದ ಒಂದು ಪ್ಲಾಸ್ಟಿಕ್ ನಳಿಗೆ ಊದಿಸಿದ್ದರು. ಜೋರಾಗಿ ಊದಿದರೆ ಅದರ ಕೆಂಪು ಮುಳ್ಳು ಸರಿದು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಅವಳ ವಯಸ್ಸು, ಎತ್ತರಕ್ಕೆ ಮುನ್ನೂರ ಎಂಬತ್ತು ಬರಬೇಕಿತ್ತು. ಬಂದದ್ದು ಇನ್ನೂರ ನಲವತ್ತು. “ಎರಡು ತಿಂಗಳು ಕೊಡಿ,” ಎಂದಳು. “ಔಷಧಿ ಈಗ ಇರೋದೇ ಇರ್ಲಿ, ಒಂದು ತೊಟ್ಟೂ ಹೆಚ್ಚು ಬೇಡ. ಹೊಲಿಗೆಯೂ ಇರೋ ಹಾಗೇ ಇರ್ಲಿ. ಧೂಳೊಂದನ್ನ ನಿಲ್ಲಿಸ್ತೀನಿ. ಮುಳ್ಳು ಮುನ್ನೂರು ಮುಟ್ಟಿದ್ರೆ ಮಷೀನು ನಂದು. ಮುಟ್ಟದಿದ್ರೆ ನಿಮ್ಮ ಮ್ಯಾನೇಜರು ಬಂದು ಹೊತ್ಕೊಂಡು ಹೋಗ್ಲಿ.”

ಮಾತು ಕೊಟ್ಟದ್ದೇನೋ ಆಯಿತು. ಧೂಳು ಬರುತ್ತಿರುವುದು ಎಲ್ಲಿಂದ ಎಂದು ನೋಡಬೇಕಿತ್ತು. ಹೊಲಿಗೆಯ ಕೋಣೆ ಹತ್ತಡಿಗೆ ಒಂಬತ್ತಡಿ; ಒಂದು ಕಿಟಕಿ, ಒಂದು ಕತ್ತರಿಸುವ ಮೇಜು, ಒಂದು ಮಷೀನು. ದಿನಕ್ಕೆರಡು ಸಲ ಅವಳು ಹಳೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ನೆಲದ ಕಸ ಬಳಿಯುತ್ತಿದ್ದಳು. ಅದನ್ನು ಗಂಡ ಮೂರು ಸಲ ಬಿಚ್ಚಿ ಜೋಡಿಸಿದ್ದ. ಮೂರು ದಿನ ಕೆಮ್ಮು ಬಂದ ಹೊತ್ತನ್ನು ಸೀಮೆಸುಣ್ಣದಲ್ಲಿ ಮೇಜಿನ ಅಂಚಿಗೆ ಬರೆದಳು. ಹೊಲಿಯುವಾಗಿನ ಕೆಮ್ಮಿಗಿಂತ ಬಳಿದಾದ ಮೇಲಿನ ಅರ್ಧ ಗಂಟೆಯ ಕೆಮ್ಮೇ ಹೆಚ್ಚಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಕಿಟಕಿಯಿಂದ ಬಿಸಿಲಿನ ಕೋಲು ಬಿದ್ದಾಗ ಯಂತ್ರ ಹಚ್ಚಿ ನೋಡಿದಳು. ಮುಂದಿನ ಬಾಯಿ ತಿಂದದ್ದನ್ನು ಹಿಂದಿನ ಬಾಯಿ ಹೊಗೆಯಂತೆ ಉಗುಳುತ್ತಿತ್ತು.

“ಇಷ್ಟು ದಿನ ನೆಲದ ಧೂಳನ್ನ ಎತ್ತಿ ಮೂಗಿಗೆ ಬಡಿಸಿಕೊಂಡಿದ್ದೀನಿ,” ಎಂದಳು. “ಹೊಸದು ಬೇಕು.”

ಮಗಳು ಫೋನು ತೆಗೆದಳು. “ಇದು ನೋಡಮ್ಮ. ಹಗುರ, ವಯರ್ ಇಲ್ಲ, ನಾಲ್ಕೂ ಮುಕ್ಕಾಲು ಸ್ಟಾರು. ಸಾವಿರಾರು ಜನ ಕೊಟ್ಟಿದ್ದಾರೆ.”

“ಯಾರ ಮನೆ ನೆಲಕ್ಕೆ ಕೊಟ್ಟ ಸ್ಟಾರು ಅದು?”

“ಅಂದ್ರೆ?”

“ಅವರ ಮನೇಲಿ ಬಿಸ್ಕತ್ತಿನ ಪುಡಿ, ನಾಯಿ ಕೂದಲು ಬಿದ್ದಿರತ್ತೆ. ನನ್ನ ನೆಲದ ಮೇಲೆ ಏನು ಬೀಳತ್ತೆ ಅಂತ ಅವರಿಗೆ ಗೊತ್ತಾ? ಪಕ್ಕದ ಮನೆಯವಳ ಅಳತೇಲಿ ನಿನಗೆ ಅಂಗಿ ಹೊಲಿದ್ರೆ ಹಾಕ್ಕೋತೀಯಾ?”

ಒಂದು ವಾರ ಅವಳು ಕೋಣೆಯನ್ನು ಪೊರಕೆಯಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸಿದಳು. ಗುಡಿಸಿದ್ದನ್ನು ಎಸೆಯದೆ ಡಬ್ಬಕ್ಕೆ ತುಂಬಿದಳು: ದಾರದ ತುಂಡು, ಹತ್ತಿಯ ನವಿರು, ಸೀಮೆಸುಣ್ಣದ ಪುಡಿ. ಸೂಜಿಗಳನ್ನು ಅಯಸ್ಕಾಂತದಿಂದ ಆರಿಸಿ ತೆಗೆದಳು. ಉಳಿದದ್ದನ್ನು ಚೆನ್ನಾಗಿ ಕಲಸಿ, ಅಡುಗೆಮನೆಯ ತಕ್ಕಡಿಯಲ್ಲಿ ಇಪ್ಪತ್ತು ಇಪ್ಪತ್ತು ಗ್ರಾಂ ತೂಗಿ ಮೂರು ಪೊಟ್ಟಣ ಕಟ್ಟಿದಳು. ಜೊತೆಗೆ ಕಪ್ಪು ಮಖಮಲ್ಲಿನ ಮೂರು ತುಂಡು. ಕಪ್ಪು ಮಖಮಲ್ಲು ಧೂಳಿನ ಚಾಡಿಕೋರ ಎಂಬುದು ಹೊಲಿಯುವವರಿಗೆಲ್ಲ ಗೊತ್ತು.

ಅಂಗಡಿಯ ಸೇಲ್ಸ್‌ಮನ್ ಐವತ್ತು ದಾಟಿದ, ಮಾತಿನಲ್ಲಿ ನುರಿತ ಆಸಾಮಿ. ಒಂದು ಬಟ್ಟಲು ಮರದ ಹೊಟ್ಟು ನೆಲಕ್ಕೆ ಚೆಲ್ಲಿ, ಹಗುರ ಯಂತ್ರವನ್ನು ಒಂದು ಸಲ ಎಳೆದು ತೋರಿಸಿದ. ನೆಲ ಕನ್ನಡಿಯಂತಾಯಿತು.

“ಇದು ನಿಮ್ಮ ಕಸ,” ಎಂದಳು ಟೇಪಕ್ಕ. “ಈಗ ನನ್ನದು ನೋಡೋಣ.” ಚೀಲದಿಂದ ಪೊಟ್ಟಣ ಬಿಚ್ಚಿದಳು.

“ಅಕ್ಕಾ, ಅಕ್ಕಾ, ಇದು ಅಂಗಡಿ ಕಣಕ್ಕ.”

“ಅಂಗಡಿ ಅಂತಾನೇ ಬಂದಿದ್ದು. ದೇವಸ್ಥಾನ ಅಂತ ಬಂದಿಲ್ಲ. ಬಟ್ಟೆ ಅಂಗಡೀಲಿ ತೊಟ್ಟು ನೋಡೋಕೆ ಬಿಡ್ತಾರೆ, ನೀವ್ಯಾಕೆ ಬಿಡಲ್ಲ?”

ಮಗಳು ಬೇರೆಯವರ ಮನೆಯವಳಂತೆ ಇಸ್ತ್ರಿಪೆಟ್ಟಿಗೆಗಳ ಕಡೆ ಹೋಗಿ ನಿಂತಳು.

ಮೊದಲ ಪೊಟ್ಟಣ ತಾನೇ ಓಡಾಡುವ ದುಂಡನೆಯ ಯಂತ್ರಕ್ಕೆ. ಅದು ಎರಡು ಸುತ್ತು ತಿರುಗಿತು, ಕಾಲಿಗೆಲ್ಲ ದಾರ ಸುತ್ತಿಕೊಂಡಿತು, ಮೂರನೆಯ ಸುತ್ತಿಗೆ ಕುಂಯ್‌ಗುಟ್ಟಿ ನಿಂತುಬಿಟ್ಟಿತು. ಟೇಪಕ್ಕ ಚೀಲದಿಂದ ಪುಟ್ಟ ಕತ್ತರಿ ತೆಗೆದು ಅದರ ಕಟ್ಟು ಬಿಡಿಸಿದಳು. “ಪಾಪ, ಇದಕ್ಕೆ ನಾನು ಚಾಕರಿ ಮಾಡ್ಬೇಕಾಗತ್ತೆ.”

ಎರಡನೆಯದು ಮಗಳ ನಾಲ್ಕೂ ಮುಕ್ಕಾಲು ಸ್ಟಾರಿನದ್ದು. ಅದು ನಿಜಕ್ಕೂ ಚೆನ್ನಾಗಿ ಹೀರಿತು. ಪಾರದರ್ಶಕ ಡಬ್ಬಿಯಲ್ಲಿ ಧೂಳು ಗಿರಗಿರನೆ ಸುತ್ತುವುದನ್ನು ನೋಡಲು ನಾಲ್ಕು ಜನ ಗಿರಾಕಿಗಳು ಸೇರಿದರು. ಮಗಳೂ ಹತ್ತಿರ ಬಂದಳು. ಅವರೆಲ್ಲ ಡಬ್ಬಿ ನೋಡುತ್ತಿದ್ದಾಗ ಟೇಪಕ್ಕ ಹಿಂದೆ ಬಗ್ಗಿ, ಗಾಳಿ ಹೊರಬರುವ ಕಂಡಿಗೆ ಮಖಮಲ್ಲು ಹಿಡಿದಿದ್ದಳು. ಎತ್ತಿ ಬೆಳಕಿಗೆ ತೋರಿಸಿದಾಗ ಕಪ್ಪಿನ ಮೇಲೆ ಬೂದಿ ಸವರಿದಂತಿತ್ತು. “ಡಬ್ಬಿ ಖಾಲಿ ಮಾಡಿ,” ಎಂದಳು. ಸೇಲ್ಸ್‌ಮನ್ ಬುಟ್ಟಿಯ ಮೇಲೆ ಮುಚ್ಚಳ ಬಿಚ್ಚಿದ. ಎದ್ದ ಮೋಡಕ್ಕೆ ಮೊದಲು ಸೀನಿದವನು ಅವನೇ.

“ನೋಡಿದ್ಯಾ?” ಎಂದಳು ಮಗಳಿಗೆ. “ಹಿಡಿಯೋದೂ ನಾನೇ, ಬಿಡೋದೂ ನಾನೇ ಆದ್ರೆ ಅದನ್ನ ಕೊಂಡು ಏನುಪಯೋಗ?”

ಮೂರನೆಯದು ಮೂಲೆಯಲ್ಲಿತ್ತು, ಕಂದು ಬಣ್ಣ, ಹಳೆಯ ಮಾದರಿ, ಹೊಟ್ಟೆಯೊಳಗೆ ಕಾಗದದ ಚೀಲ, ಹಿಂದೆ ಮಡಿಕೆಮಡಿಕೆಯ ದಪ್ಪ ಫಿಲ್ಟರು. ತೂಕ ಏಳು ಕಿಲೋ. ಹಚ್ಚಿದರೆ ಅಂಗಡಿಯೆಲ್ಲ ಗುಂಯ್ ಎಂದಿತು. ಬ್ರಷ್ಷಿಲ್ಲದ ಚಪ್ಪಟೆ ಮೂತಿ ದಾರವನ್ನು ನುಂಗಿತು, ಸುತ್ತಿಕೊಳ್ಳಲಿಲ್ಲ. ಮಖಮಲ್ಲನ್ನು ಎರಡು ನಿಮಿಷ ಹಿಡಿದಳು. ಕಪ್ಪು ಕಪ್ಪಾಗಿಯೇ ಉಳಿಯಿತು.

“ಇದು ಯಾರೂ ಕೇಳಲ್ಲಕ್ಕ,” ಎಂದ ಸೇಲ್ಸ್‌ಮನ್, ಸ್ವಲ್ಪ ಸಂಕೋಚದಿಂದಲೇ. “ಭಾರ. ಸದ್ದು. ಚೀಲ ತುಂಬಿದ ಹಾಗೆಲ್ಲ ಹೊಸ ಚೀಲ ಹಾಕ್ಬೇಕು.”

“ನಾನು ಕೇಳ್ತಿದ್ದೀನಲ್ಲ. ಕಟ್ಟಿಕೊಡಿ. ಆಮೇಲೆ ನಿಮ್ಮ ಅಂಗಿ ಎಡ ಭುಜ ಅರ್ಧ ಇಂಚು ಜಾರಿದೆ, ಬಿಡುವಾದಾಗ ಬನ್ನಿ.”

ಎರಡು ತಿಂಗಳ ಲೆಕ್ಕ ಯಂತ್ರ ಮನೆಗೆ ಬಂದ ದಿನದಿಂದ ಎಂದು ಮೂವರೂ ಒಪ್ಪಿಕೊಂಡರು. ಅಲ್ಲಿಂದ ಒಂದು ತಿಂಗಳು ಕಂದು ಯಂತ್ರ ದಿನಕ್ಕೆರಡು ಸಲ ಗುಂಯ್‌ಗುಟ್ಟಿತು. ಮೊದಲ ಹತ್ತು ದಿನ ಕೆಮ್ಮು ಇಳಿದಂತಿತ್ತು. ಆಮೇಲೆ ಎಲ್ಲಿತ್ತೋ ಅಲ್ಲಿಗೇ ಬಂತು. ತಿಂಗಳ ಕೊನೆಗೆ ಮಗಳು ಆಸ್ಪತ್ರೆಯಿಂದ ನಳಿಗೆ ತಂದು ಊದಿಸಿದಳು. ಮುಳ್ಳು ಇನ್ನೂರ ಐವತ್ತಕ್ಕೆ ನಿಂತಿತು.

“ಮೂರು ಸಲ ಊದಿದ್ರೂ ಅಷ್ಟೇ ಅಮ್ಮ.”

“ಅಂಗಡಿಯಲ್ಲಿ ಸರಿಯಿತ್ತು. ಇಲ್ಲಿ ಏನೋ ಆಗಿದೆ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ ಗಂಡ. ಅಂದ ಮೇಲೆ ತನಗೇ ಬೇಸರವಾಗಿ, ಯಾರೂ ಕೇಳದಿದ್ದರೂ ಎದ್ದು ಹೋಗಿ ನೀರು ತಂದುಕೊಟ್ಟ.

ಟೇಪಕ್ಕ ನೀರು ಕುಡಿದು ಮಖಮಲ್ಲು ಹುಡುಕಿದಳು. ಯಂತ್ರದ ಹಿಂದೆ ಹಿಡಿದರೆ ಬೂದು ಬಣ್ಣ ಅಂಟಿತು. ಅಂದರೆ ಯಂತ್ರವೇ ಸೋರುತ್ತಿತ್ತು. ಅಂಗಡಿಯವನು ಮೋಸ ಮಾಡಿದನೇ? ಮುಚ್ಚಳ ಬಿಚ್ಚಿದಳು. ಮುಚ್ಚಳದ ಒಳಮೈಗೆ ಒಂದು ಗೇಣುದ್ದದ ಬೂದು ಗೆರೆ ಅಂಟಿತ್ತು, ಸ್ಕೇಲು ಹಿಡಿದು ಎಳೆದಂತೆ ನೇರ. ಅದರ ಎದುರಿಗೆ ಚೀಲದ ಮೇಲೆ ಅಷ್ಟೇ ಉದ್ದದ ಒಂದು ಹೊಲಿಗೆ.

ಹೊಲಿಗೆ ಅವಳದ್ದೇ. ಹತ್ತನೆಯ ದಿನ ಮೊದಲ ಚೀಲ ತುಂಬಿತ್ತು. ಗಟ್ಟಿಮುಟ್ಟಾದ ಚೀಲ, ಎಸೆಯಲು ಕೈ ಬಂದಿರಲಿಲ್ಲ. ಜನ್ಮದಲ್ಲಿ ಒಂದು ಗೇಣು ಬಟ್ಟೆ ಎಸೆದವಳಲ್ಲ. ಅಂಚನ್ನು ನೀಟಾಗಿ ಕೊಯ್ದು, ಅಂಗಳದಲ್ಲಿ ಕೊಡವಿ, ಮಡಿಸಿ ಮಷೀನಿನಲ್ಲಿ ಎರಡು ಸಾಲು ಹೊಲಿದು ಮತ್ತೆ ಹಾಕಿದ್ದಳು. ಕೆಲಸ ಎಷ್ಟು ಚೆಂದವಾಗಿತ್ತೆಂದರೆ ತಾನೇ ಮೆಚ್ಚಿಕೊಂಡಿದ್ದಳು. ಆದರೆ ಬಟ್ಟೆಯಲ್ಲಿ ಸೂಜಿ ತೂರಿದ ಜಾಗ ಮತ್ತೆ ಕೂಡಿಕೊಳ್ಳುತ್ತದೆ, ಕಾಗದದಲ್ಲಿ ಕೂಡುವುದಿಲ್ಲ. ಇಂಚಿಗೆ ಹನ್ನೆರಡು ತೂತು, ಒಂಬತ್ತು ಇಂಚು, ಎರಡು ಸಾಲು. ಇನ್ನೂರ ಹದಿನಾರು ತೂತುಗಳನ್ನು ತನ್ನ ಕೈಯಾರೆ ಕೊರೆದು, ಫಿಲ್ಟರಿನ ಮಡಿಕೆಗಳನ್ನೂ ಧೂಳಿನಿಂದ ಉಸಿರುಗಟ್ಟಿಸಿದ್ದಳು.

ಮುಚ್ಚಿಡಬಹುದಿತ್ತು. ಅವಳು ಚೀಲವನ್ನು ತಂದು ಗಂಡ, ಮಗಳು ಊಟಕ್ಕೆ ಕೂತಿದ್ದ ಮೇಜಿನ ಪಕ್ಕ ಹಿಡಿದಳು.

“ಯಂತ್ರದ ತಪ್ಪಲ್ಲ, ಅಂಗಡಿಯವನ ತಪ್ಪಲ್ಲ. ನನ್ನ ಜಿಪುಣತನದ ತಪ್ಪು. ನಗೋರು ಈಗಲೇ ನಕ್ಕುಬಿಡಿ.”

ಮಗಳು ನಕ್ಕಳು, ತಡೆಯಲಾಗಲಿಲ್ಲ. ಗಂಡ ಚೀಲ ತಿರುಗಿಸಿ ನೋಡಿ, “ಹೊಲಿಗೆ ಮಾತ್ರ ಲಕ್ಷಣವಾಗಿದೆ ಕಣೆ” ಎಂದ.

“ಇನ್ನೊಂದು ತಿಂಗಳಿದೆ,” ಎಂದಳು ಟೇಪಕ್ಕ. ಗಡುವು ಮುಂದೂಡಿ ಎಂದು ಕೇಳಲಿಲ್ಲ.

ಮರುದಿನ ಹೊಸ ಚೀಲಗಳ ಕಟ್ಟು, ಹೊಸ ಫಿಲ್ಟರು ತಂದಳು. ಕತ್ತರಿಸುವ ಮೇಜಿನ ಕೆಳಗೂ ಮೂತಿ ಹೋಗುವಂತೆ ಅದರ ಅಡ್ಡಪಟ್ಟಿಯನ್ನು ಗಂಡನಿಂದ ಆರು ಇಂಚು ಮೇಲೆ ಹಾಕಿಸಿದಳು. ಅವನು ಗೊಣಗುತ್ತಲೇ ಮಟ್ಟ ಹಿಡಿದು ನೋಡಿ ಮೊಳೆ ಹೊಡೆದ. ಚೀಲ ತುಂಬಿದಾಗ ಬಿಚ್ಚದೆ ಬುಟ್ಟಿಗೆ ಹಾಕಿದಳು. ಒಂದೊಂದು ಸಲವೂ ಮುಖ ಆ ಕಡೆ ತಿರುಗಿಸಿಕೊಂಡೇ ಹಾಕಿದಳು, ಅದು ಬೇರೆ ಮಾತು.

ಎರಡು ತಿಂಗಳು ತುಂಬಿದ ದಿನ ಮೂವರೂ ಡಾಕ್ಟರ ಮುಂದೆ ಕೂತರು. ಅವಳು ಎದ್ದು ನಿಂತು ಊದಿದಳು. ಮೂರು ಸಲ. ಮಗಳು ಅಂಕಿ ಓದಿದಳು: ಇನ್ನೂರ ಎಂಬತ್ತು, ಇನ್ನೂರ ತೊಂಬತ್ತು, ಇನ್ನೂರ ತೊಂಬತ್ತು. ನಾಲ್ಕನೆಯದಕ್ಕೆ ಡಾಕ್ಟರು ಬೇಡ ಎಂದರು.

ಹತ್ತು ಕಡಿಮೆ.

“ಪಂಥ ಸೋತೆ,” ಎಂದಳು ಟೇಪಕ್ಕ. “ಒಪ್ಕೋತೀನಿ. ಮಷೀನು ಮಾತ್ರ ಕೊಡಲ್ಲ.”

“ಮಾತು ಅಂದ್ರೆ ಮಾತಲ್ವಾ?” ಎಂದ ಗಂಡ, ಮೆಲ್ಲಗೆ.

“ಮಾತು ತಪ್ಪಿದೋಳು ಅಂತ ಓಣಿಗೆಲ್ಲ ಸಾರಿ, ಬೇಡ ಅನ್ನಲ್ಲ. ಮೊದಲ ತಿಂಗಳು ತೂತಿನ ಚೀಲ, ಹತ್ತು ಏರಿತು. ಎರಡನೇ ತಿಂಗಳು ತೂತಿಲ್ಲದ ಚೀಲ, ನಲವತ್ತು ಏರಿತು. ಮುನ್ನೂರು ಅನ್ನೋ ಅಂಕಿ ಬಾಯಿಗೆ ಬಂದ ಹಾಗೆ ಹೇಳಿದ್ದು ನಾನು, ಅಳೆದು ಹೇಳಿದ್ದಲ್ಲ. ಅದು ತಪ್ಪು. ಇದು ಅಳತೆ. ಡಾಕ್ಟ್ರೇ, ನೀವು ಹೇಳಿ. ಎರಡು ಮಾತು ಹೇಳಿದ್ರಿ, ಎರಡನೇದು ಇನ್ನೂ ಇದೆಯಾ ಇಲ್ವಾ?”

ಡಾಕ್ಟರು ಹಳೆಯ ಚೀಟಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. “ಇದೆ,” ಎಂದರು. “ತಿಂಗಳಿಗೊಂದು ಸಲ ಬಂದು ಊದ್ಬೇಕು. ಅಂಕಿ ಇಳೀತು ಅಂದ್ರೆ ಹೊಲಿಗೆ ನಿಲ್ಲಿಸ್ತೀನಿ. ಆಗ ವಾದ ಮಾಡ್ಬಾರದು.”

“ವಾದ ಮಾಡ್ತೀನಿ. ಆದ್ರೆ ಬರ್ತೀನಿ.”

ಆ ಸಂಜೆ ಮ್ಯಾನೇಜರ ಫೋನು ಬಂತು. ಮಷೀನು ಒಯ್ಯಲು ಗಾಡಿ ಯಾವಾಗ ಕಳಿಸಲಿ ಎಂದು. ಗಂಡ ಒಂದು ಗಳಿಗೆ ಫೋನನ್ನೂ ಹೆಂಡತಿಯನ್ನೂ ನೋಡಿ, “ಮಷೀನಿನ ಯಜಮಾನಿ ಇಲ್ಲಿದ್ದಾಳೆ, ಅವಳನ್ನೇ ಕೇಳಿ” ಎಂದು ಅವಳ ಕೈಗೆ ಕೊಟ್ಟುಬಿಟ್ಟ.

“ಮಷೀನು ಕೊಡೋದಿಲ್ಲ,” ಎಂದಳು ಟೇಪಕ್ಕ. “ಒಂದು ಮಾತು ಕೇಳ್ಲಾ? ನಿಮ್ಮಲ್ಲಿ ಹೊಲಿಯೋರು ಎಷ್ಟು ಜನ?”

“ಮೂವತ್ತನಾಲ್ಕು.”

“ಅದರಲ್ಲಿ ಕೆಮ್ಮೋರು ಎಷ್ಟು?”

“ಎಲ್ರೂ ಕೆಮ್ತಾರಮ್ಮ,” ಎಂದಿತು ಆ ಕಡೆಯ ದನಿ, ಹವಾಮಾನ ಹೇಳುವ ಹಾಗೆ. “ಬಟ್ಟೆ ಕೆಲಸ ಅಂದ್ಮೇಲೆ ಅಷ್ಟೇ ಅಲ್ವಾ.”

“ಅಷ್ಟೇ ಅಂತ ಅಳೆದವರು ಯಾರು?”

ಟೇಪಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಗೋಡೆಗೆ ಒರಗಿ, ಗಿರಾಕಿ ನೆಟ್ಟಗೆ ನಿಲ್ಲುವವರೆಗೆ ಕಾಯುವ ಹಾಗೆ ಕಾಯುತ್ತ ನಿಂತಳು.